ಪೂಜೆಗೆ ಗುಡುಗಿದ ಎಂಜಿನ್ನು

ಸುಟ್ಟ ರಬ್ಬರಿನ ವಾಸನೆ ಗಲ್ಲಿಯ ತಿರುವಿನಲ್ಲೇ ಮೂಗಿಗೆ ಬಡಿದಾಗ ಶಿವದೇವಿ ಓಡತೊಡಗಿದಳು. ನಾಂಪಲ್ಲಿಯ ಅವಳ ಶೆಡ್ಡಿನಲ್ಲಿ ರೇಸ್ ದೋಣಿಯ ಎಂಜಿನ್ನು ಕುಂಕುಮ, ಚೆಂಡುಹೂ ಹೊತ್ತು ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಅಣ್ಣ ಅಮರಯ್ಯ ಒಡೆದ ತೆಂಗಿನಕಾಯಿ ಹಿಡಿದು ನಿಂತಿದ್ದ.

ಬೋಟ್ ಕ್ಲಬ್ಬೊಂದು ಮಳೆಯಲ್ಲಿ ಬಿಟ್ಟು ತುಕ್ಕು ಹಿಡಿಸಿದ್ದ ಎಂಜಿನ್ನದು. ಹೊಸ ಬಿಡಿಭಾಗ ಕೊಳ್ಳುವ ತಾಕತ್ತಿಲ್ಲದೆ, ಗುಜರಿಯ ಎಂಜಿನ್ನುಗಳಿಂದ ಒಂದೊಂದೇ ತುಂಡು ಕಿತ್ತು ತಂದು ಅವಳು ಅದಕ್ಕೆ ಜೀವ ಕೊಟ್ಟಿದ್ದಳು. ನಾಳೆ ಹುಸೇನ್ ಸಾಗರ ಕೆರೆಯಲ್ಲಿ ಅದು ಓಡಿದರೆ ಮಾತ್ರ ಕ್ಲಬ್ಬಿನ ಉಳಿದ ಎಂಜಿನ್ನುಗಳೂ ರಿಪೇರಿಗೆ ಅವಳಿಗೆ ಸಿಗುತ್ತಿದ್ದವು.

"ನೀರಿಲ್ಲದ ಚಾಲೂ ಮಾಡಿದೇನು?"

"ಆಯುಧಪೂಜಿ ಅಲ್ಲೇನವಾ? ದೇವರ ಮುಂದ ಒಂದ್ಸಲ ಗುಡುಗಲಿ ಅಂತ..."

"ಕೆರಿ ನೀರು ಜಗ್ಗಿ ತಣ್ಣಗಾಗೋ ಎಂಜಿನ್ನೋ ಅದು! ಪಂಪಿನ ರಬ್ಬರ ಪೂರಾ ಸುಟ್ಟೈತಿ!"

"ಲಿಂಬಿಹಣ್ಣು ಸುದ್ದಾ ಇಟ್ಟಿದ್ದೆ..."

"ಅದನ್ನ ನಿನ್ನ ತಲಿಮ್ಯಾಗ ಹಿಂಡ್ತೀನಿ!"

ಅವಳು ದೇವರ ಮುಂದಿದ್ದ ಸ್ಪ್ಯಾನರ್ ಎತ್ತಿಕೊಂಡಳು. ಅಮರಯ್ಯ ಗಾಬರಿಯಿಂದ ಅಡ್ಡ ಬಂದ.

"ಪೂಜಿ ಮಾಡಿದ ಸಾಮಾನು ಇವತ್ತ ಮುಟ್ಟಬಾರದವಾ!"

"ಅಡ್ಡ ಬಂದ್ರ ನಿನ್ನೂ ಬಿಚ್ಚತೀನಿ. ಟಾರ್ಚ್ ಹಿಡಿ."

ಸ್ಪ್ಯಾನರಿನ ಕುಂಕುಮವನ್ನು ಅವನ ಹೊಸ ಅಂಗಿಗೇ ಒರೆಸಿ, ಅವಳು ಮೊದಲ ಬೋಲ್ಟಿಗೆ ಕೈಹಾಕಿದಳು.