ಸ್ಟ್ರೋಯ್‌ಬಾತ್

ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯ ಆ ಹತ್ತಿಯೂರಿನಲ್ಲಿ ಮಣ್ಣಿನ ಗೋಡೆ ಎಬ್ಬಿಸುವುದರಲ್ಲಿ ತೋಷ್ಮತ್‌ನನ್ನು ಮೀರಿಸುವವರಿರಲಿಲ್ಲ. ಮಗ ಎರ್ಗಶ್ ಸೋವಿಯತ್ ಸೈನ್ಯಕ್ಕೆ ಹೋಗಿ, ಬಂದೂಕು ಹಿಡಿದು ನಿಂತ ಫೋಟೋ ಕಳಿಸಿದ. ಚಹಾದಂಗಡಿಯಲ್ಲಿ ಅದು ಕೈಯಿಂದ ಕೈಗೆ ಸುತ್ತಿ ಮೂಲೆ ಮುದುರಿತು.

ಎಂಟನೇ ತಿಂಗಳಿಗೆ ಎರ್ಗಶ್ ಸತುವಿನ ಪೆಟ್ಟಿಗೆಯಲ್ಲಿ ಬಂದ. ತಂದ ಸೈನಿಕರು ಬೆಸುಗೆ ಬಿಚ್ಚಲು ಬಿಡಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ತೋಷ್ಮತ್ ಪೆಟ್ಟಿಗೆಯ ಜೊತೆ ಬಂದ ಕಾಗದ ಹಿಡಿದುಕೊಂಡು, ರಷ್ಯನ್ ಕಲಿಸುವ, ಊರಿಗೆಲ್ಲ ದೋಮ್ಲಾ ಆದ ನಿಗ್ಮತ್ ಮೇಷ್ಟರ ಮನೆಗೆ ಹೋದ.

"ಯಾವ ಗಡಿಯಲ್ಲಿ ಸತ್ತ ಅಂತ ಬರೆದಿದ್ದಾರೆ, ದೋಮ್ಲಾ?"

"ಗಡಿ ಅಲ್ಲ, ತೋಷ್ಮತ್ ಆಕಾ. ಕಟ್ತಾ ಇದ್ದ ಗೋಡೆ ಮೇಲೆ ಬಿದ್ದಿದೆ. ಇವನಿದ್ದದ್ದು ಸ್ಟ್ರೋಯ್‌ಬಾತ್‌ನಲ್ಲಿ."

"ಹಾಗಂದ್ರೆ?"

"ಎರಡು ಮಾತು ಸೇರಿಸಿ ಹೊಲಿದದ್ದು. ಸ್ಟ್ರೋಯ್ ಅಂದ್ರೆ ಕಟ್ಟೋದು. ಬಾತ್ ಅಂದ್ರೆ ಬತಾಲ್ಯೋನ್, ದಂಡು. ಆ ಮಾತು ರಷ್ಯನ್ನರದ್ದೂ ಅಲ್ಲ, ಇಟಲಿ ಕಡೆಯಿಂದ ಬಂದದ್ದು. ಅದರ ಬೇರು ಕಾಳಗ."

"ಫೋಟೋದಲ್ಲಿ ಬಂದೂಕಿದೆಯಲ್ಲ?"

"ಕಾವಲಿನವರ ಹತ್ರ ಒಂದು ಗಳಿಗೆ ಇಸ್ಕೊಂಡಿರ್ತಾನೆ. ನಮ್ಮ ಹುಡುಗರೆಲ್ಲ ಹಾಗೇ ಮಾಡೋದು. ಇವರಿಗೆ ಕೊಡೋದು ಸಲಿಕೆ, ಆಕಾ."

ತೋಷ್ಮತ್ ಕಾಗದವನ್ನು ಮಡಿಸಿ ಜೇಬಿಗಿಟ್ಟ. ಆಮೇಲೆ ನೆಲ ನೋಡಿಕೊಂಡೇ ಹೇಳಿದ:

"ಭರ್ತಿ ದಿನ ಆಫೀಸರ್ ಕೇಳಿದ, ಇವನಿಗೇನು ಬರುತ್ತೆ ಅಂತ. ಇವನು ಬಾಯಿ ಬಿಡೋಕೆ ಮೊದಲು ನಾನೇ ಹೇಳ್ದೆ, ಗೋಡೆ ಕೆಲಸದಲ್ಲಿ ಇವನು ಎತ್ತಿದ ಕೈ ಅಂತ. ಒಳ್ಳೇ ಕಡೆ ಹಾಕ್ಲಿ ಅಂತ ಹೇಳ್ದೆ."

ಮೇಷ್ಟರು ಚಹಾದ ಬಟ್ಟಲನ್ನು ಅವನತ್ತ ಸರಿಸಿದರು. ಅವನು ಮುಟ್ಟಲಿಲ್ಲ.

ಮರುದಿನ ಸಾಮೂಹಿಕ ಬೇಸಾಯದ ಅಧ್ಯಕ್ಷನ ಮುಂದೆ ನಿಂತ. ಅಫ್ಘಾನಿಸ್ತಾನದಲ್ಲಿ ಸತ್ತ ಇಬ್ಬರ ಹೆಸರಿನ ಫಲಕ ಶಾಲೆಯ ಅಂಗಳದಲ್ಲಿ ಏಳುವುದರಲ್ಲಿತ್ತು. ಮಗನ ಹೆಸರನ್ನೂ ಸೇರಿಸಬೇಕೆಂದು ಕೇಳಿದ.

"ಅದು ಕಾಳಗದಲ್ಲಿ ಸತ್ತವರಿಗೆ, ತೋಷ್ಮತ್ ಆಕಾ."

"ಇವನ ದಂಡಿನ ಹೆಸರಲ್ಲೂ ಕಾಳಗ ಇದೆಯಂತೆ. ದೋಮ್ಲಾ ಹೇಳಿದ್ರು."

"ಹೆಸರಲ್ಲಿರಬಹುದು. ಹೆಸರಲ್ಲಿ ಏನಿಲ್ಲ? ನನ್ನ ಹೆಸರು ಸುಲ್ತಾನ್, ನಾನೇನು ಸಿಂಹಾಸನದ ಮೇಲೆ ಕೂತಿದ್ದೀನಾ?" ಅಧ್ಯಕ್ಷ ಕಾಗದಗಳತ್ತ ತಿರುಗಿದ. ತೋಷ್ಮತ್ ಬಾಗಿಲು ದಾಟುವಾಗ ಮತ್ತೆ ಕರೆದ. "ಫಲಕ ಕೂರಿಸೋಕೆ ಗೋಡೆ ಆಗಬೇಕು. ನೌರೂಜ್ ಹಬ್ಬದೊಳಗೆ. ನಿಮ್ಮನ್ನ ಬಿಟ್ರೆ ಯಾರಿಗೆ ಹೇಳ್ಲಿ?"

ತೋಷ್ಮತ್ ಆಗದು ಎನ್ನಬಹುದಿತ್ತು. ಊರೂ ಹಾಗೇ ಅಂದುಕೊಂಡಿತ್ತು. ಆದರೆ ನಾಲ್ಕನೇ ದಿನ ಮಣ್ಣಿಗೆ ಹುಲ್ಲು ಬೆರೆಸಿ ಕಾಲಲ್ಲಿ ತುಳಿಯತೊಡಗಿದ. ಹೆಂಡತಿ ಅಂದಿನಿಂದ ಅವನ ಜೊತೆ ಮಾತು ಬಿಟ್ಟಳು. ಹತ್ತು ದಿನಕ್ಕೆ ಗೋಡೆ ಎದ್ದಿತು. ಫಲಕಕ್ಕೆ ಅಳೆದಷ್ಟೇ ಜಾಗ, ಇಬ್ಬರ ಹೆಸರು ಹಿಡಿಯುವಷ್ಟೇ. ಎಲ್ಲೂ ಒಂದು ಬಿರುಕಿಲ್ಲ. ನೋಡಿದವರೆಲ್ಲ ಕೈ ಎಂದರೆ ಇದು ಎಂದರು.