ಎರಡನೇ ಎಣ್ಣೆ

ಅಪ್ಪನ ಶವಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಳ್ಳುವಾಗ ಅವಳ ಕೆನ್ನೆ ಕೋಟಿನ ಕಾಲರಿಗೆ ಒತ್ತಿಕೊಂಡಿತು. ಆ ವಾಸನೆ ಬಂತು. ಕಂದು ತಿರುಗಿದ ಬೆಣ್ಣೆ, ಅದರೊಳಗೆ ಜಜ್ಜಿ ಹಾಕಿದ ಒಂದೇ ಒಂದು ಎಸಳು ಬೆಳ್ಳುಳ್ಳಿ, ಹೊಗೆಯಾಡುವ ಕಬ್ಬಿಣದ ಬಾಣಲೆ. ಒಂಬತ್ತು ವರ್ಷದವಳಿದ್ದಾಗ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬೀದಿಯ ತಿರುವಿಗೆ ಬಂದರೆ ಸಾಕು, ಈ ವಾಸನೆಯೇ ಎದುರಿಗೆ ಬಂದು ಕೈ ಹಿಡಿದು ಮನೆಗೆ ಕರೆದೊಯ್ಯುತ್ತಿತ್ತು. ಬೆಳಿಗ್ಗೆ ಚಳಿಯೆಂದು ಬಾಗಿಲ ಹಿಂದಿನ ಮೊಳೆಯಿಂದ ಕೈಗೆ ಸಿಕ್ಕ ಕೋಟು ಹಾಕಿಕೊಂಡಿದ್ದಳು. ಅದು ಅಪ್ಪನದೆಂದು ಗೊತ್ತಾದದ್ದು ಈಗ.

"ನಿಧಾನ, ಎಡಗಡೆ ತಗ್ಗಿದೆ," ಎಂದ ಮುಂದೆ ಹೆಗಲು ಕೊಟ್ಟಿದ್ದ ಮಾಂಸದಂಗಡಿಯವ. "ಒಂದು ಕಡೆ ವಾಲಿದ್ರೆ ಅವನಿಗೆ ತಡ್ಕೊಳ್ಳೋಕೆ ಆಗಲ್ಲ. ನಲವತ್ತು ವರ್ಷ ಊರಿನ ತಕ್ಕಡಿ ಎಲ್ಲಾ ರಿಪೇರಿ ಮಾಡಿದೋನು."

"ನಿನ್ನ ತಕ್ಕಡಿ ಎಷ್ಟು ಸಲ ರಿಪೇರಿ ಮಾಡಿದ್ನೋ!" ಎಂದರು ಹಿಂದಿನಿಂದ ಯಾರೋ.

"ತಿಂಗಳಿಗೊಂದು ಸಲ. ಅವನಿದ್ದ ಅಂತ ನಾನು ಪ್ರಾಮಾಣಿಕ. ಇನ್ಮೇಲೆ ದೇವರೇ ಗತಿ."

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಮಣ್ಣು ಹಾಕಿ ಮುಗಿಯುವವರೆಗೂ ಅವಳ ಕಣ್ಣು ಗೇಟಿನ ಹೊರಗೆ ನಿಂತ ಬಸ್ಸಿನ ಕಡೆಗೇ ಹೋಗುತ್ತಿತ್ತು. ಬಂಧುಗಳನ್ನು ಕರೆತರಲೆಂದು, ಅವಳು ಡ್ರೈವರಾಗಿರುವ ಡಿಪೋದವರು ಕಳಿಸಿದ ಬಸ್ಸು ಅದು. ಓಡಿಸಿದವನು ಉದ್ದಣ್ಣ. ಅವಳ ಜೊತೆಯ ಡ್ರೈವರ್; ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬಂದ ದಿನವಿಲ್ಲ, ಅದಕ್ಕೇ ಆ ಹೆಸರು. ಅವನು ಒಳಗೆ ಬರದೆ ಬಸ್ಸಿನ ಪಕ್ಕದಲ್ಲೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ವಾಪಸು ಹತ್ತುವಾಗ ಅವನು ಮೆಲ್ಲಗೆ ಅಂದ, "ಅವತ್ತು ನಾನು ಕೇಳ್ಬಾರದಿತ್ತು ಅಕ್ಕ."

ಅವಳು ಒಳಗೆ ಹೋಗಿ ಕೂತಳು. ನಿನ್ನ ತಪ್ಪೇನೂ ಇಲ್ಲ ಎನ್ನಬೇಕೆಂದರೆ ತಪ್ಪು ಯಾರದೆಂದು ಹೇಳಬೇಕಾಗುತ್ತಿತ್ತು. ಹಾರ್ನಿನ ವಿಷಯ ಹೇಳಬೇಕಾಗುತ್ತಿತ್ತು.

*

ಅಮ್ಮ ತೀರಿಕೊಂಡ ವರ್ಷ ಅಪ್ಪ ಮೊದಲ ಸಲ ಸ್ಟೀಕ್ ಮಾಡಿದ್ದು, ದಪ್ಪ ಮಾಂಸದ ತುಂಡನ್ನು ಬಾಣಲೆಯಲ್ಲಿ ಹುರಿದು. ಆ ತುಂಡನ್ನು ಚಮ್ಮಾರನಿಗೆ ಕೊಟ್ಟಿದ್ದರೆ ಅಟ್ಟೆ ಹಾಕಿಕೊಡುತ್ತಿದ್ದ. ಅಪ್ಪ, ಮಗಳು ಇಬ್ಬರೂ ಅಗಿದು ಅಗಿದು ನುಂಗಿದರು. ಮುಂದಿನ ವಾರ ಮಾಂಸದಂಗಡಿಯವನು ತಕ್ಕಡಿ ರಿಪೇರಿಗೆಂದು ಬಂದ ಅಪ್ಪನಿಗೆ ಗಲ್ಲಾದ ಆಚೆಯಿಂದಲೇ ಪಾಠ ಹೇಳಿದ: "ಉಪ್ಪು ಮೊದಲೇ ಸವರು. ಒದ್ದೆ ಚೆನ್ನಾಗಿ ಒರೆಸು. ಬಾಣಲೆ ಹೊಗೆಯಾಡೋವರೆಗೂ ಕೈ ಹಾಕ್ಬೇಡ. ಇಳಿಸಿದ ಮೇಲೆ ಐದು ನಿಮಿಷ ಅದರ ಪಾಡಿಗೆ ಅದನ್ನ ಬಿಡು, ಚಾಕು ಹಿಡ್ಕೊಂಡು ಕುಣೀಬೇಡ."

ಆಲೂಗಡ್ಡೆ ಮಾತ್ರ ಅಪ್ಪನೇ ಕಲಿತದ್ದು. ಬೆರಳು ದಪ್ಪಕ್ಕೆ ಹೆಚ್ಚಿ, ನೀರಲ್ಲಿ ನೆನೆಸಿ, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸುತ್ತಿದ್ದರು. ಎಳೆಮಗುವಿಗೆ ಸ್ನಾನ ಮಾಡಿಸಿ ಒರೆಸಿದ ಹಾಗೆ. ಮೊದಲು ಹದ ಬಿಸಿಯ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿ, ತೆಗೆದು, ಬಟ್ಟೆಯ ಮೇಲೆ ಹರಡಿಡುವುದು. ಆಮೇಲೆ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಮತ್ತೊಮ್ಮೆ ಬಿಡುವುದು. ಹೊರಗೆ ಗರಿಗರಿ, ಒಳಗೆ ಬೆಣ್ಣೆ.

"ಮೊದಲನೇ ಎಣ್ಣೆ ಬೇಯೋದಕ್ಕೆ, ಎರಡನೇ ಎಣ್ಣೆ ಬರೋರಿಗೆ," ಎನ್ನುತ್ತಿದ್ದರು. "ಬರೋರ ಸದ್ದು ಕೇಳದೆ ಎರಡನೇ ಎಣ್ಣೆ ಇಲ್ಲ."

ಅವಳು ಬಸ್ ಡ್ರೈವರಾಗಿ, ಡಿಪೋದ ಹತ್ತಿರ ಕೋಣೆ ಮಾಡಿಕೊಂಡ ಮೇಲೂ ಶನಿವಾರ ತಪ್ಪಲಿಲ್ಲ. ಅವಳ ಕೊನೆಯ ಟ್ರಿಪ್ಪು ಒಂದಕ್ಕೆ ಹತ್ತು ನಿಮಿಷವಿರುವಾಗ ಮನೆಯ ಬೀದಿಯ ತಿರುವನ್ನು ದಾಟುತ್ತಿತ್ತು. ಅಲ್ಲಿ ಎರಡು ಸಲ ಚಿಕ್ಕದಾಗಿ ಹಾರ್ನು ಹೊಡೆಯುವಳು. ಡಿಪೋದಲ್ಲಿ ಬಸ್ಸು ಬಿಟ್ಟು ನಡೆದು ಬರಲು ಇಪ್ಪತ್ತು ನಿಮಿಷ. ಹಾರ್ನು ಕೇಳಿದರೆ ಎಣ್ಣೆ ಒಲೆಗೆ, ಹೆಜ್ಜೆ ಕೇಳಿದರೆ ಆಲೂಗಡ್ಡೆ ಎಣ್ಣೆಗೆ. ತಟ್ಟೆಯನ್ನೂ ಕಾಯಿಸಿಟ್ಟಿರುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಮಾತು: "ತಟ್ಟೆ ಸುಡುತ್ತೆ, ಹುಷಾರು."

*

ಕಳೆದ ಶನಿವಾರ ಬೆಳಿಗ್ಗೆ ಹತ್ತಕ್ಕೆ ಉದ್ದಣ್ಣ ಬಿಳಿಚಿಕೊಂಡು ಬಂದಿದ್ದ. ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು, ಡಾಕ್ಟರು ಹೇಳಿದ ದಿನಕ್ಕಿಂತ ಮೂರು ವಾರ ಮುಂಚೆ. ತನ್ನ ಪಾಳಿ ನೋಡಿಕೊಳ್ಳುತ್ತೀರಾ ಎಂದು ಕೇಳಿದ. "ಹೋಗೋ ಮಾರಾಯ, ನಿನ್ನ ಮಧ್ಯಾಹ್ನದ ಪಾಳಿ ನಾನು ನೋಡ್ಕೋತೀನಿ," ಎಂದು ಅವಳೇ ಅವನನ್ನು ದಬ್ಬಿದಳು. ಅಪ್ಪನಿಗೆ ಮೂರು ಸಲ ಫೋನ್ ಮಾಡಿದಳು. ಅಪ್ಪನ ಫೋನು ಸ್ಕ್ರೂಡ್ರೈವರುಗಳ ಜೊತೆ ಮೇಜಿನ ಖಾನೆಯಲ್ಲಿ ಮಲಗಿರುತ್ತಿತ್ತು.

ಒಂದಕ್ಕೆ ಹತ್ತು ನಿಮಿಷವಿರುವಾಗ ಬಸ್ಸು ತಿರುವಿಗೆ ಬಂತು. ಎದುರಿನ ಲಾರಿಯ ಕಡೆ ಅವಳ ಗಮನ. ಹೆಬ್ಬೆರಳು ತನ್ನ ಪಾಡಿಗೆ ತಾನು ಎರಡು ಸಲ ಹಾರ್ನು ಒತ್ತಿತು.

ಒತ್ತಿದ ಮೇಲೆ, ಇವತ್ತು ಊಟಕ್ಕೆ ಹೋಗುವುದಿಲ್ಲವೆಂದು ನೆನಪಾಯಿತು. ಕನ್ನಡಿಯಲ್ಲಿ ಅಡುಗೆಮನೆಯ ಪರದೆ ಸರಿದದ್ದು ಕಾಣಿಸಿತು. ಬಸ್ಸಿನ ತುಂಬ ಜನ, ಹಿಂದೆ ಸಾಲುಗಟ್ಟಿದ ಗಾಡಿಗಳು. ನಿಲ್ಲಿಸುವ ಹಾಗಿರಲಿಲ್ಲ. ಸಂಜೆ ಕೆಲಸ ಮುಗಿದಾಗ ಕಾಲು ಸೋತುಹೋಗಿತ್ತು. ನಾಳೆ ಬೆಳಿಗ್ಗೆ ಹೋಗಿ ಬೈಸಿಕೊಂಡರಾಯಿತು ಎಂದುಕೊಂಡಳು.

ಬೆಳಿಗ್ಗೆ ಅವಳು ಬೂಟು ಕಟ್ಟುತ್ತಿರುವಾಗಲೇ ಪಕ್ಕದ ಮನೆಯ ಟೀಚರಮ್ಮನ ಫೋನು ಬಂತು. ಅಪ್ಪ ನಿದ್ದೆಯಲ್ಲೇ ಹೋಗಿದ್ದರು.

*

ಮನೆಯ ಮುಂದಿನ ಕೋಣೆ ತುಂಬಿತ್ತು. ಬಂದವರಿಗೆ ಚಹಾ, ಬ್ರೆಡ್ಡು ಹಂಚಿ ಸುಸ್ತಾದ ಅತ್ತೆ, ಅಪ್ಪನ ಒಬ್ಬಳೇ ತಂಗಿ, ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು.

"ಇದೇನೇ ಪುಟ್ಟಿ, ಡಬ್ಬದ ತುಂಬ ಅರೆಬೆಂದ ಆಲೂಗಡ್ಡೆ? ಇಲ್ಲೊಂದು ಮಾಂಸದ ಪೊಟ್ಟಣ. ಎಸೆದುಬಿಡ್ಲಾ?"

ಹಾಗಾದರೆ ಅಪ್ಪ ಮೊದಲನೇ ಎಣ್ಣೆ ಮುಗಿಸಿ, ಹಾರ್ನು ಕೇಳಿ, ಕಾದು ಕೂತಿದ್ದರು. ಎಷ್ಟು ಹೊತ್ತು?

"ಎಸೀಬೇಡಿ!" ಬಾಗಿಲಲ್ಲಿ ಟೀಚರಮ್ಮ. ಲೆಕ್ಕ ಕಲಿಸಿ ನಿವೃತ್ತರಾದವರು. ಇಪ್ಪತ್ತು ವರ್ಷದಿಂದ ಗೋಡೆಯಾಚೆ ಒಬ್ಬರೇ ಇದ್ದಾರೆ. "ಅದು ಇವಳ ಪಾಲು. ಎತ್ತಿಟ್ಟಿದೀನಿ ಅಂತ ನನ್ನ ಹತ್ರ ಹೇಳಿದ್ರು."

"ಯಾವಾಗ ಹೇಳಿದ್ರು?"

"ಶನಿವಾರ ಮಧ್ಯಾಹ್ನ. ಕೈಯಲ್ಲಿ ತಟ್ಟೆ ಹಿಡ್ಕೊಂಡು ನಮ್ಮನೆ ಬಾಗಿಲು ತಟ್ಟಿದ್ರು. 'ಟೀಚರಮ್ಮ, ಇಷ್ಟು ವರ್ಷ ನಿಮಗೆ ಬರೀ ವಾಸನೆ ಕಳಿಸಿದೀನಿ, ಇವತ್ತು ತುಂಡನ್ನೂ ತಂದಿದೀನಿ' ಅಂದ್ರು. ಅವರ ಪಾಲನ್ನೇ ಎರಡು ಭಾಗ ಮಾಡಿದ್ರು. ನಮ್ಮ ಮೇಜಿನಲ್ಲೇ ಕೂತು ಇಬ್ರೂ ತಿಂದ್ವಿ. ನಾನಂತೂ ಬೆರಳು ನೆಕ್ಕೋದೂ ಬಿಡ್ಲಿಲ್ಲ."

"ನಾನು ಹಾರ್ನು ಹೊಡೆದಿದ್ದೆ," ಎಂದಳು ಅವಳು. ಮೂರು ದಿನದಿಂದ ಎದೆಯಲ್ಲಿ ಕೂತಿದ್ದ ಮಾತು ಇಷ್ಟು ಚಿಕ್ಕದಾಗಿ ಹೊರಬಿತ್ತು. "ಬರಲ್ಲ ಅಂತ ಗೊತ್ತಿದ್ದೂ ಹೊಡೆದೆ. ಅಭ್ಯಾಸಕ್ಕೆ."

"ಅವರಿಗೂ ಗೊತ್ತಿತ್ತು ಕಣಮ್ಮ. ಕಿಟಕಿಯಿಂದ ನೋಡಿದ್ರಂತೆ. ಬೇರೆ ಶನಿವಾರ ನಿನ್ನ ಬಸ್ಸಿಗೆ ಡಿಪೋ ಅಂತ ಬೋರ್ಡಿರುತ್ತಂತಲ್ಲ, ಅವತ್ತು ಕೊನೇ ಸ್ಟಾಪಿನ ಬೋರ್ಡಿತ್ತಂತೆ. 'ಹಾರ್ನು ಒಂದು ಹೇಳ್ತಿದೆ, ಬೋರ್ಡು ಒಂದು ಹೇಳ್ತಿದೆ, ಯಾರಿಗೋ ಕಷ್ಟ ಬಂದಿರ್ಬೇಕು, ಇವಳು ಹೆಗಲು ಕೊಟ್ಟಿದಾಳೆ' ಅಂದ್ರು."

"ಬೈದ್ರಾ?"

"ಬೈಯೋದಾ? ನಗ್ತಿದ್ರು. 'ಹೆಬ್ಬೆರಳು ಮನೆಗೆ ಬಂತು, ಮಗಳು ಬರ್ಲಿಲ್ಲ' ಅಂತ. ಎರಡು ಸಲ ಹೇಳಿದ್ರು ಅದನ್ನ, ಅಷ್ಟು ಇಷ್ಟವಾಗಿತ್ತು ಅವರಿಗೆ ಆ ಮಾತು."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಡಬ್ಬವನ್ನು ಮೆಲ್ಲಗೆ ಅವಳ ಕೈಗಿಟ್ಟಳು. "ನಿಮ್ಮಪ್ಪ ಕೊನೇದಾಗಿ ಮಾಡಿದ್ದು. ಕಾಯಿಸ್ಕೊಂಡು ತಿನ್ನೇ ಮಗಳೇ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ ನೀನು." ಆಮೇಲೆ ಟೀಚರಮ್ಮನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

ಅವಳು ಕೋಟು ಬಿಚ್ಚಲಿಲ್ಲ. ಮಾಂಸಕ್ಕೆ ಉಪ್ಪು ಸವರಿ, ಒದ್ದೆ ಒರೆಸಿದಳು. ಬಾಣಲೆ ಹೊಗೆಯಾಡುವವರೆಗೆ ಕಾದು ಮಾಂಸ ಹಾಕಿದಳು. ಬೆಣ್ಣೆ ಕರಗಿ, ನೊರೆಯೆದ್ದು, ಕಂದು ತಿರುಗಿತು. ಒಂದೇ ಒಂದು ಎಸಳು ಬೆಳ್ಳುಳ್ಳಿ ಬಿದ್ದದ್ದೇ ತಡ, ಇಡೀ ಮನೆ ಶನಿವಾರವಾಯಿತು. ಮುಂದಿನ ಕೋಣೆಯ ಮಾತು ಒಮ್ಮೆಲೇ ನಿಂತಿತು. ಮಾಂಸವನ್ನು ಇಳಿಸಿ, ಮೇಲೊಂದು ತಟ್ಟೆ ಬೋರಲು ಹಾಕಿ, ಅದರ ಪಾಡಿಗೆ ಅದನ್ನು ಬಿಟ್ಟಳು. ಇನ್ನೊಂದು ತಟ್ಟೆಯನ್ನು ಒಲೆಯ ಪಕ್ಕ ಕಾಯಲಿಟ್ಟಳು. ಎಣ್ಣೆಯೂ ಕಾದಿತ್ತು.

ಆಲೂಗಡ್ಡೆಯ ಡಬ್ಬ ಕೈಯಲ್ಲಿ ಹಿಡಿದು ಅವಳು ನಿಂತೇ ಇದ್ದಳು. ತಾನು ಬರುವ ಸದ್ದು ಈ ಅಡುಗೆಮನೆಯಿಂದ ಹೇಗೆ ಕೇಳುತ್ತದೆಂದು ಅವಳಿಗೆ ಯಾವತ್ತೂ ತಿಳಿದಿರಲಿಲ್ಲ. ಮೊದಲು ಗೇಟಿನ ಕೀಲು ಕಿರುಗುಟ್ಟುವುದೇ? ಜಲ್ಲಿಯ ಮೇಲೆ ಬೂಟು ಉಜ್ಜುವುದೇ? ಅಪ್ಪ ಯಾವುದಕ್ಕೆ ಕಿವಿ ಕೊಟ್ಟು ನಿಲ್ಲುತ್ತಿದ್ದರು? ಕೇಳೋಣವೆಂದರೆ ಬರಬೇಕಾದವಳು ಒಳಗಿದ್ದಾಳೆ, ಕಾಯಬೇಕಾದವರು ಇಲ್ಲ.

ಆಗ ಗೇಟು ಕಿರುಗುಟ್ಟಿತು. ಜಲ್ಲಿಯ ಮೇಲೆ ನಾಲ್ಕು ಹೆಜ್ಜೆ, ಭಾರವಾದವು. ನಿಂತವು. ಬಾಗಿಲು ತಟ್ಟುವ ಸದ್ದು ಬರಲಿಲ್ಲ. ಹೆಜ್ಜೆಗಳು ಬಂದ ದಾರಿಗೇ ತಿರುಗಿದವು.

ಅವಳು ಪರದೆ ಸರಿಸಿದಳು. ಉದ್ದಣ್ಣ ಟೋಪಿಯನ್ನು ಕೈಯಲ್ಲಿ ಹಿಂಡಿಕೊಳ್ಳುತ್ತ ಬಸ್ಸಿನ ಕಡೆ ಹೋಗುತ್ತಿದ್ದ.

ಅವಳು ಡಬ್ಬವನ್ನು ಎಣ್ಣೆಗೆ ಸುರಿದಳು. ಎಣ್ಣೆ ಭೋರೆಂದಿತು.

ಬಸ್ಸು ಬೀದಿಯ ತಿರುವಿನಲ್ಲಿ ನಿಂತಿತ್ತು. ಉದ್ದಣ್ಣ ಡ್ರೈವರ್ ಸೀಟಿನಲ್ಲಿ ಮೊಣಕಾಲು ಮಡಚಿ ಕೂತು, ಸ್ಟಿಯರಿಂಗಿಗೆ ಹಣೆ ಆನಿಸಿದ್ದ. ಅವಳು ಕಿಟಕಿಯ ಕೆಳಗೆ ಬಂದು ನಿಂತಳು. ಅಂಗೈ ಸುಡದಿರಲೆಂದು ಕೋಟಿನ ತೋಳನ್ನು ಮುಂದಕ್ಕೆಳೆದು ಅದರಲ್ಲೇ ತಟ್ಟೆ ಹಿಡಿದಿದ್ದಳು. ಸ್ಟೀಕನ್ನು ಎರಡು ಭಾಗ ಮಾಡಿದ್ದಳು. ಪಕ್ಕದಲ್ಲಿ ಹೊಂಬಣ್ಣದ ಆಲೂಗಡ್ಡೆಯ ರಾಶಿ, ಅದರ ಮೇಲೆ ಎರಡು ಫೋರ್ಕು.

"ಮಗು ಹೇಗಿದೆಯೋ?"

ಅವನು ತಲೆಯೆತ್ತಿದ. "ಹೆಣ್ಣು ಮಗು ಅಕ್ಕ. ಚೆನ್ನಾಗಿದೆ."

ಅವಳು ತುದಿಗಾಲಲ್ಲಿ ನಿಂತು, ಎರಡೂ ಕೈ ಚಾಚಿ, ಕಿಟಕಿಯೊಳಗೆ ತಟ್ಟೆ ಕೊಟ್ಟಳು.

"ತಟ್ಟೆ ಸುಡುತ್ತೆ," ಎಂದಳು. "ಹುಷಾರು."