ಮೂಗಮ್ಮನ ಹೂಂ

"ಮೂಸಿ ಹೂಂ ಅನ್ನೇ ಅಂದ್ರೆ ಮುಖ ಸಿಂಡರಿಸ್ತೀಯಲ್ಲೇ ಮುಂಡೇದೇ! ಅತ್ತರಿನ ಅಂಗಡಿ ಇಟ್ಟಿದೀನಾ ನಾನು?"

ಲಾಂಡ್ರಿಯ ಯಜಮಾನ ಆಸ್ಪತ್ರೆ ಬೆಡ್‌ಶೀಟುಗಳ ಗಂಟನ್ನು ಕಾಲಿನಿಂದ ಒದ್ದು ಅವಳ ಮುಂದೆ ಉರುಳಿಸಿದ. "ಒಳಗೆ ಆಸ್ಪತ್ರೆ ಸಾಹೇಬ್ರು ಕೂತಿದಾರೆ. ಅವರೆದುರಿಗೆ ಹೂಂ ಅಂದ್ಯೋ, ಸರಿ. ಇಲ್ಲಾ, ಇವತ್ತೇ ಮನೆಗೆ ನಡಿ."

ಎಲ್ಲರೂ ಅವಳನ್ನು ಕರೆಯುವುದು ಮೂಗಮ್ಮ ಎಂದೇ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಒಂದೇ ಕಟ್ಟಳೆ: ಇಸ್ತ್ರಿಯಾದ ಪ್ರತಿ ಗಂಟಿಗೂ ಅವಳು ಮೂಗು ಒತ್ತಬೇಕು, ಹೂಂ ಅನ್ನಬೇಕು, ಆಮೇಲೇ ಅದು ಗಾಡಿ ಏರುವುದು. ತೀರಿಹೋದ ದೊಡ್ಡ ಯಜಮಾನರು ಅವಳ ಮೂಗಿಗೆ ಎಂದೂ ಎದುರಾಡಿದವರಲ್ಲ. ಅವರ ಜಾಗಕ್ಕೆ ಈ ಮಗ ಬಂದು ಕೂತ, ಬಾಯ್ಲರ್ ಕೆಟ್ಟಿತು, ರಿಪೇರಿಯಿಲ್ಲ. ಸೋಪು ಅರ್ಧಕ್ಕಿಳಿಯಿತು. ತಣ್ಣೀರಲ್ಲಿ ಅದ್ದಿ, ಮೇಲಿಷ್ಟು ಸೆಂಟು ಹೊಡೆದರೆ ಅದೇ ಒಗೆತ. ಕೆಲಸ ಗೊತ್ತಿದ್ದವರು ಬೇರೆ ಲಾಂಡ್ರಿ ಹಿಡಿದರು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕುಂಟಣ್ಣ ಇದೇನು ಒಗೆತ ಎಂದು ಬಾಯಿಬಿಟ್ಟು ಕೇಳಿದ, ಅವನನ್ನು ಕತ್ತು ಹಿಡಿದು ದಬ್ಬಿದರು. ಮೂಗಮ್ಮ ಮಾತ್ರ, "ಒಂದಲ್ಲ ಒಂದಿನ ಸರಿಹೋಗುತ್ತೆ ಬಿಡ್ರೇ" ಎನ್ನುತ್ತ ಉಸಿರು ಬಿಗಿಹಿಡಿದು ಹೂಂ ಅಂದಳು. ಥೂ, ಎಷ್ಟೊಂದು ಹೂಂ!

ಮೂಗಮ್ಮನ ಸೊಸೆ ಈ ಬೆಡ್‌ಶೀಟುಗಳು ಹೋಗುವ ಆಸ್ಪತ್ರೆಯಲ್ಲೇ ಹೆತ್ತು ಇಂದಿಗೆ ಐದು ದಿನ. ಬೆಳಿಗ್ಗೆ ಹೋಗಿ ನೋಡಿದರೆ ಹೊಲಿಗೆ ಕೀವು ಕಟ್ಟಿದೆ, ಮೈ ಕೆಂಡದಂತೆ ಸುಡುತ್ತಿದೆ. ಮೂಗಮ್ಮ ಹಾಸಿಗೆಯ ಬೆಡ್‌ಶೀಟು ಮೂಸಿದಳು. ಸೆಂಟು. ಅದರಡಿಗೆ ಯಾರದೋ ಹಳೇ ರಕ್ತದ ಗಬ್ಬು. ಅವಳೇ ಹೂಂ ಅಂದು ಕಳಿಸಿದ ಬಟ್ಟೆ! ತನ್ನ ಮೇಲೇ ಹೇಸಿಗೆಯಾಗಿ ಅಲ್ಲೇ ವಾಂತಿ ಮಾಡಿಕೊಂಡಳು.

ಈಗ ಗಂಟು ಹೊತ್ತು ಆಫೀಸು ಕೋಣೆಗೆ ನಡೆದಳು. ಯಜಮಾನ ಆಗಲೇ ಕುರ್ಚಿಯಲ್ಲಿ ಕೂತು ಬೆಣ್ಣೆಯಾಗಿದ್ದ.

"ನಮ್ಮಮ್ಮ ಇದ್ದಂಗೆ ಸಾರ್ ಇವ್ಳು. ಇವಳ ಮೂಗೇ ನಮ್ಮ ಗ್ಯಾರಂಟಿ."

ಸಾಹೇಬರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ ಪೆನ್ನು ತೆಗೆದರು. "ನಿಮ್ಮ ಒಗೆತದ ಮೇಲೆ ಬರೀ ಕಂಪ್ಲೇಂಟು ಕಣಮ್ಮ. ನೀನು ಚೊಕ್ಕಟ ಅಂದ್ರೆ ಇನ್ನೊಂದು ವರ್ಷದ ಗುತ್ತಿಗೆಗೆ ಸಹಿ ಹಾಕ್ತೀನಿ."

ಮೂಗಮ್ಮ ಒಂದು ಬೆಡ್‌ಶೀಟು ಎಳೆದಳು. ಈ ಸಲ ಉಸಿರು ಬಿಗಿಹಿಡಿಯಲಿಲ್ಲ, ಎದೆ ತುಂಬ ಮೂಸಿದಳು. ಕುರ್ಚಿಯ ಹಿಂದೆ ಹೋಗಿ, ಅದನ್ನು ಕೊಡವಿ ಯಜಮಾನನ ತಲೆಯ ಮೇಲೆ ಎಸೆದು, ಎರಡೂ ತುದಿ ಸೇರಿಸಿ ಜಗ್ಗಿದಳು.

"ಮೂಸೋ ಬೋಳಿಮಗನೇ! ಮೊದ್ಲು ನೀನು ಹೂಂ ಅನ್ನು, ಆಮೇಲೆ ನಾನಂತೀನಿ."

ಸಾಹೇಬರು ಎದ್ದು ಗೋಡೆಗೆ ಸರಿದರು. ಇಸ್ತ್ರಿ ಹೆಂಗಸರು ಬಾಗಿಲಲ್ಲಿ ನೆರೆದರು, ಬಿಡಿಸಲು ಒಬ್ಬಳೂ ಬರಲಿಲ್ಲ. ಬಟ್ಟೆಯೊಳಗೆ ಯಜಮಾನ ಓಕರಿಸತೊಡಗಿದ.

"ಹೂಂ ಅನ್ನೋ" ಎಂದು ಮೂಗಮ್ಮ ಇನ್ನೊಂದು ಸುತ್ತು ಬಿಗಿದಳು.